‘ಆ ಕ್ಷಣದಲ್ಲೇ’ ಎಂದು ಬರೆದವನು

ಆಲ್ವಿನ್ ಗ್ರೇಬೆಯ ಅಪ್ಪ ಉಪ್ಪಿನ ಗಣಿಯವನು, ಅಜ್ಜನೂ ಗಣಿಯವನೇ. ಸಾಲ್ಟ್ಸ್‌ರೋಡೆ ಎಂಬ ಪ್ರಷ್ಯಾದ ಗಣಿಯೂರಿನಲ್ಲಿ ಹುಟ್ಟಿದ ಗಂಡಸಿಗೆ ಆಗ ಇದ್ದದ್ದು ಎರಡೇ ದಾರಿ. ಒಂದು ಗಣಿಯ ಬಾಯಿಗೆ ಹೋಗುತ್ತಿತ್ತು, ಇನ್ನೊಂದು ರೈಲು ನಿಲ್ದಾಣಕ್ಕೆ. ಗ್ರೇಬೆ ಎರಡನ್ನೂ ಬಿಟ್ಟು ಪೇಟೆಚೌಕದ ಮುದ್ರಣಾಲಯದ ಮೆಟ್ಟಿಲು ಹತ್ತಿದ. ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತ. ಮಕ್ಕಳಿಲ್ಲದ ಹಳೆಯ ಯಜಮಾನನ ತಂಗಿಯ ಮಗಳು ಹೆಡ್ವಿಗ್‌ಳನ್ನು ಮದುವೆಯಾದ. ಮೂವತ್ತೆರಡನೆಯ ವಯಸ್ಸಿಗೆ ‘ಸಾಲ್ಟ್ಸ್‌ರೋಡೆ ದೂತ’ ಪತ್ರಿಕೆಗೆ ತಾನೇ ಒಡೆಯನಾದ. ಭಾನುವಾರವೊಂದು ಬಿಟ್ಟು ದಿನಾ ನಾಲ್ಕು ಪುಟ. ಗಣಿಯ ಸುದ್ದಿ, ಚರ್ಚಿನ ಸುದ್ದಿ, ಹುಟ್ಟು, ಮದುವೆ, ಸಾವು.

ಅಪ್ಪ ಅವನಿಗೆ ಗಣಿಯ ವಿದ್ಯೆ ಹೆಚ್ಚೇನೂ ಕಲಿಸಿರಲಿಲ್ಲ. ಒಂದನ್ನು ಮಾತ್ರ, ಊಟದ ಮೇಜಿನ ಮೇಲೆ ಚಮಚದ ಹಿಡಿಯಿಂದ ಬಡಿದು ತೋರಿಸಿ, ಹೇಳಿಕೊಟ್ಟಿದ್ದ.

“ಕೆಳಗೆ ಸಿಕ್ಕಾಕೊಂಡ್ರೆ ಕಿರುಚಬೇಡ ಕಣೋ, ಉಸಿರು ದಂಡ. ಬಂಡೆಗೋ ಕಬ್ಬಿಣಕ್ಕೋ ಬಡಿ. ಎಷ್ಟು ಜನ ಜೀವ ಇಟ್ಕೊಂಡಿದ್ದೀರೋ ಅಷ್ಟು ಏಟು. ನಿಲ್ಲಿಸು. ಆಮೇಲೆ ಮತ್ತೆ ಅಷ್ಟೇ ಏಟು. ಮೇಲಿರೋನು ಲೆಕ್ಕ ಹಾಕ್ಕೋತಾನೆ.”

ಮುದ್ರಣಾಲಯದ ಕಟ್ಟಡ ಹಳೆಯದು. ನೂರು ವರ್ಷದ ಹಿಂದೆ ಅಲ್ಲಿದ್ದವರು ನೆಲಮಾಳಿಗೆಯಲ್ಲೇ ಬಾವಿ ಕೊರೆಸಿ, ಉಪ್ಪುನೀರು ಎತ್ತಿ ಕುದಿಸಿ ಉಪ್ಪು ಮಾಡುತ್ತಿದ್ದರು. ಬಾವಿ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಅದರ ಕಬ್ಬಿಣದ ಕೊಳವೆ ಮಾತ್ರ, ತೋಳಿನಷ್ಟು ದಪ್ಪನೆಯದು, ನೆಲದಿಂದ ಮೊಣಕಾಲೆತ್ತರ ಎದ್ದು ನಿಂತಿತ್ತು. ಅದರ ಬಾಯಿಗೆ ಮರದ ಮುಚ್ಚಳ. ಗಣಿಯವರು ಪೂರ್ವದ ಸುರಂಗ ತೋಡುವಾಗ ಈ ಕೊಳವೆ, ಮೈಯೆಲ್ಲ ನೀರೆಳೆಯುವ ತೂತು, ಚಾವಣಿಯಿಂದ ಇಳಿದು ನೆಲದ ಬಂಡೆಯೊಳಕ್ಕೆ ಹೋದದ್ದು ಕಂಡಿತ್ತಂತೆ. “ಯಜಮಾನ್ರು ಮೇಲೆ ಕೆಮ್ಮಿದ್ರೆ ನಮಗೆ ಕೆಳಗೆ ಕೇಳ್ಸುತ್ತೆ,” ಎಂದು ಗಣಿಯ ಆಳುಗಳು ಬಿಯರು ಕುಡಿಯುತ್ತ ತಮಾಷೆ ಮಾಡುತ್ತಿದ್ದರು.

೧೮೮೬ರ ನವೆಂಬರ್ ತಿಂಗಳು. ಒಂದು ಸೋಮವಾರ ಬೆಳಿಗ್ಗೆ ಪೂರ್ವದ ಸುರಂಗಕ್ಕೆ ನೀರು ನುಗ್ಗಿತು. ನಲವತ್ತು ಜನ ಓಡಿ ಹೊರಬಂದರು, ಏಳು ಜನ ಬರಲಿಲ್ಲ. ನೀರು ಉಳಿದ ಗಣಿಗೂ ಹರಡದಂತೆ ನಿರ್ದೇಶಕ ಮೆರ್ಟೆನ್ಸ್ ಪೂರ್ವದ ಸುರಂಗದ ಕಬ್ಬಿಣದ ಬಾಗಿಲು ಹಾಕಿಸಿ, ಅದರ ಮುಂದೆ ಇಟ್ಟಿಗೆ ಗೋಡೆ ಕಟ್ಟಿಸಲು ಶುರುಮಾಡಿದ. ಏಳು ಜನರ ಹೆಂಡಂದಿರು ಗಣಿಯ ಗೇಟಿನ ಹೊರಗೆ ಸಾಲಾಗಿ ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. ಅಳುವುದಕ್ಕೆ ಯಾರಾದರೂ ಬಂದು ಏನಾದರೂ ಹೇಳಬೇಕಿತ್ತಲ್ಲ.

ಮಾರನೆಯ ದಿನ ಮಧ್ಯಾಹ್ನ ಮೆರ್ಟೆನ್ಸ್ ತಾನೇ ಮುದ್ರಣಾಲಯಕ್ಕೆ ಬಂದ. ಹ್ಯಾಟು ತೆಗೆಯಲಿಲ್ಲ.

“ಗ್ರೇಬೆ, ಒಂದು ಸಾಲು ಬರೀಬೇಕು ನೀವು. ನೀರು ನುಗ್ಗಿದ ಆ ಕ್ಷಣದಲ್ಲೇ ಏಳೂ ಜನ ತೀರಿಕೊಂಡರು ಅಂತ. ಆ ಹೆಂಗಸರು ಮನೆಗೆ ಹೋಗ್ಲಿ, ಚಳಿ ಇದೆ.”

“ಅದು ಖಚಿತಾನಾ, ಹೆರ್ ಮೆರ್ಟೆನ್ಸ್?”

“ನಮ್ಮ ಎಂಜಿನಿಯರುಗಳು ಹೇಳ್ತಾರೆ.”

ಅವನು ಹೋದ ಮೇಲೆ ಊಟದ ಹೊತ್ತಾಯಿತು. ಆಳುಗಳು ಯಂತ್ರ ನಿಲ್ಲಿಸಿ ಡಬ್ಬಿ ಬಿಚ್ಚಿಕೊಂಡು ಹಿತ್ತಲಿಗೆ ಹೋದರು. ಕಟ್ಟಡ ನಿಶ್ಶಬ್ದವಾಯಿತು. ಕಾಗದದ ಸುರುಳಿ ತರಲು ನೆಲಮಾಳಿಗೆಗೆ ಇಳಿದ ಗ್ರೇಬೆಗೆ ಕೊಳವೆಯ ಒಳಗಿನಿಂದ ಸದ್ದು ಕೇಳಿಸಿತು. ಬಹಳ ಸಣ್ಣ ಸದ್ದು, ಯಾರೋ ದೂರದ ಕೋಣೆಯಲ್ಲಿ ಆಕ್ರೋಡು ಒಡೆಯುತ್ತಿರುವಂತೆ. ಅವನು ಮುಚ್ಚಳ ತೆಗೆದು ಕಿವಿಯಿಟ್ಟ.

ಏಳು ಏಟು. ಮೌನ. ಮತ್ತೆ ಏಳು.

ಅವನು ಕೋಟು ಹಾಕಿಕೊಳ್ಳದೆ ಗಣಿಯ ಕಚೇರಿಗೆ ಓಡಿದ. ಮೆರ್ಟೆನ್ಸ್ ಬಾಗಿಲು ಮುಚ್ಚಿ, ಕುರ್ಚಿ ತೋರಿಸಿ, ಸಮಾಧಾನವಾಗಿ ಹೇಳಿದ: “ನೀರು ಏರ್ತಾ ಇರುವಾಗ ಹಳೇ ಪೈಪು ಸದ್ದು ಮಾಡ್ದೆ ಇನ್ನೇನು ಮಾಡುತ್ತೆ? ಈಗ ಆ ಬಾಗಿಲು ತೆಗೆದ್ರೆ ಇಡೀ ಗಣಿ ಮುಳುಗುತ್ತೆ. ನಾನೂರು ಮನೆ ಒಲೆ ಆರುತ್ತೆ. ಆಮೇಲೆ ನಿಮ್ಮ ಪೇಪರು ಓದೋಕೆ ಈ ಊರಲ್ಲಿ ಯಾರಿರ್ತಾರೆ ಹೇಳಿ?”

ಗ್ರೇಬೆಗೆ ಆ ಮಾತನ್ನು ನಂಬಬೇಕಿತ್ತು, ನಂಬಿದ. ವಾಪಸು ಬಂದು ಮೊಳೆಪೆಟ್ಟಿಗೆಯ ಮುಂದೆ ನಿಂತು ತನ್ನ ಕೈಯಾರೆ ಆ ಸಾಲನ್ನು ಜೋಡಿಸಿದ. ‘ನೀರು ನುಗ್ಗಿದ ಆ ಕ್ಷಣದಲ್ಲೇ, ನೋವಿನ ಅರಿವಿಲ್ಲದೆ.’ ನೋವಿನ ಮಾತನ್ನು ಮೆರ್ಟೆನ್ಸ್ ಹೇಳಿರಲಿಲ್ಲ, ಅದು ಗ್ರೇಬೆಯದೇ ಸೇರ್ಪಡೆ. ಸಂಜೆಯ ಹೊತ್ತಿಗೆ ಹೆಂಗಸರು ಗೇಟು ಬಿಟ್ಟು ಮನೆಗೆ ಹೋದರು.

ಆದರೆ ಸದ್ದು ನಿಲ್ಲಲಿಲ್ಲ. ದಿನಾ ಮಧ್ಯಾಹ್ನ, ಯಂತ್ರ ನಿಂತ ಕೂಡಲೇ, ಅವನು ಕೆಳಗಿಳಿಯುತ್ತಿದ್ದ. ಬುಧವಾರ ಏಳು, ಗುರುವಾರ ಏಳು. ಶನಿವಾರ ಆರು. ಸೋಮವಾರ ನಾಲ್ಕು. ಮನೆಯಲ್ಲಿ ಆಲೂಗಡ್ಡೆ ಸಾರು ತಣ್ಣಗಾಗುತ್ತಿತ್ತು. ಹೆಡ್ವಿಗ್ “ಎಲ್ಲಿಗೆ ಹೋಗ್ತೀರಾ ಊಟದ ಹೊತ್ತಿಗೆ ಸರಿಯಾಗಿ?” ಎಂದು ಕೇಳಿದರೆ “ಇಲಿ ಕಾಟ,” ಎನ್ನುತ್ತಿದ್ದ. ಒಂಬತ್ತನೆಯ ದಿನ ಬಡಿತ ಒಂದೇ. ಬಹಳ ಹೊತ್ತು ಬಿಟ್ಟು ಮತ್ತೆ ಒಂದು. ಅದನ್ನು ಕೇಳಿ ಗ್ರೇಬೆ ಮೇಲೆ ಬಂದು, ಯಂತ್ರ ಒರೆಸುವ ಎಣ್ಣೆಬಟ್ಟೆ, ಗೋಣಿ, ಜೇಡಿಮಣ್ಣು ತೆಗೆದುಕೊಂಡು ಹೋಗಿ ಕೊಳವೆಯ ಬಾಯಿಂದ ಆಳಕ್ಕೆ ಗಿಡಿದು ತುಂಬಿದ. ಆ ವಾರವೇ ಕೊಳವೆಯನ್ನು ನೆಲದ ಮಟ್ಟಕ್ಕೆ ಕೊಯ್ಯಿಸಿ, ಮೇಲೆ ಒಂದು ಗೇಣು ದಪ್ಪದ ಸಿಮೆಂಟು ಹಾಕಿಸಿಬಿಟ್ಟ.

ಎರಡು ವರ್ಷಕ್ಕೆ ಅವನನ್ನು ಊರಸಭೆಗೆ ಆರಿಸಿದರು. ಗಣಿಯವರ ಬೆಂಬಲವಿತ್ತು, ನಿಜ. ಆದರೆ ಅವನ ಕೆಲಸವೂ ಬೆಂಬಲಕ್ಕೆ ತಕ್ಕ ಹಾಗೇ ಇತ್ತು. ಬೆಟ್ಟದ ಮೇಲಿನ ಒರತೆಯಿಂದ ಕುಡಿಯುವ ನೀರು ತರಿಸಿದ. ಹೆಣ್ಣುಮಕ್ಕಳ ಶಾಲೆಗೆ ಚಳಿ ಕಾಯಿಸುವ ಒಲೆ ಹಾಕಿಸಿದ. ವಿಧವೆಯರ ಮಕ್ಕಳನ್ನು ಕಂಡರೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದ. ೧೮೯೩ರಲ್ಲಿ ಪ್ರಷ್ಯಾದ ಶಾಸನಸಭೆಯ ಚುನಾವಣೆ ಗೆದ್ದು ಬರ್ಲಿನ್ನಿಗೆ ಹೋಗಿಬರತೊಡಗಿದ. ರೈಲು ಇಳಿದು ಬರುವ ಅವನನ್ನು ಕಂಡರೆ ಜನ “ನಮ್ಮ ದೂತ ಬಂದ” ಎನ್ನುತ್ತಿದ್ದರು. ಪತ್ರಿಕೆಯ ಹೆಸರೇ ಅವನ ಹೆಸರಾಗಿತ್ತು.

ಪ್ರತಿ ವರ್ಷ ನವೆಂಬರಿನಲ್ಲಿ ಡೋರ್ಟೆ ರಾಬೆ ಬರುತ್ತಿದ್ದಳು. ಆ ಏಳು ಜನರಲ್ಲಿ ಹೈನೊ ರಾಬೆ ಅವಳ ಗಂಡ. ನೆನಪಿನ ಪ್ರಕಟಣೆ ಕೊಡಲು ಬರುವವಳು, ಕಾಗದ ಮೇಜಿನ ಮೇಲಿಟ್ಟು, ಪ್ರತಿಸಲವೂ ಅದೇ ಪ್ರಶ್ನೆ ಕೇಳುತ್ತಿದ್ದಳು.

“ಆ ಕ್ಷಣದಲ್ಲೇ ಅಂತ ಬರೆದಿದ್ರಲ್ಲ, ಹೆರ್ ಗ್ರೇಬೆ. ಅದು ನಿಮಗೆ ಹೇಳಿದ್ದು ಯಾರು?”

“ಎಂಜಿನಿಯರುಗಳು, ಫ್ರಾವ್ ರಾಬೆ.”

“ಹೌದಾ. ಒಳ್ಳೇದಾಯ್ತು ಬಿಡಿ.”

ಅವಳು ಹೋದ ಮೇಲೆ ಅರ್ಧ ತಾಸು ಅವನಿಂದ ಒಂದು ಸಾಲು ತಿದ್ದಲೂ ಆಗುತ್ತಿರಲಿಲ್ಲ.

ಊರು ಕುಸಿಯತೊಡಗಿದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪೂರ್ವದ ಸುರಂಗದಲ್ಲಿ ನಿಂತ ನೀರು ಸದ್ದಿಲ್ಲದೆ ಉಪ್ಪನ್ನು ಕರಗಿಸುತ್ತಿತ್ತು. ಮೊದಲು ಪೇಟೆಚೌಕದ ಬಾಗಿಲುಗಳು ಚೌಕಟ್ಟಿಗೆ ಕೂರದೆ ಹೋದವು. ಆಮೇಲೆ ಕಾಫಿ ಬಟ್ಟಲಿನಲ್ಲಿ ಒಂದು ಪಕ್ಕಕ್ಕೆ ವಾಲಿ ನಿಲ್ಲತೊಡಗಿತು. ಬಿಯರಂಗಡಿಯಲ್ಲಿ ಒಬ್ಬ, “ನಮ್ಮ ದೂತ ಬರ್ಲಿನ್‌ನಲ್ಲಿ ಹೇಳಿ ಚರ್ಚಿನ ಗೋಪುರಾನ ನೆಟ್ಟಗೆ ಮಾಡಿಸ್ಬೇಕು,” ಅಂದರೆ ಇನ್ನೊಬ್ಬ, “ಗೋಪುರ ನೆಟ್ಟಗೇ ಇದೆ ಕಣಯ್ಯ, ನೀನೇ ವಾಲಿದ್ದೀಯ, ಇಳಿಸು ಗ್ಲಾಸು,” ಅನ್ನುತ್ತಿದ್ದ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಚೌಕದ ನಡುವೆ ಹಾವಿನ ಹಾಗೆ ಬಿರುಕು. ಅಂದಿನಿಂದ ಆ ತಮಾಷೆ ನಿಂತಿತು.

ಮುದ್ರಣಾಲಯದ ಹಿರಿಯ ಆಳು ಥೀಲೊ ಹೆಚ್ಚು ಮಾತಿನವನಲ್ಲ. ೧೮೯೬ರ ಬೇಸಿಗೆಯಲ್ಲಿ ಅವನು ಗ್ರೇಬೆಯ ಕೋಣೆಯ ಬಾಗಿಲಲ್ಲಿ ಬಂದು ನಿಂತ.

“ಯಜಮಾನ್ರೇ, ನೆಲಮಾಳಿಗೆಗೆ ಸ್ವಲ್ಪ ಬರ್ತೀರಾ?”

ಸಿಮೆಂಟು ಹೂವಿನ ಮೊಗ್ಗಿನ ಹಾಗೆ ಒಡೆದಿತ್ತು. ನಡುವಿನಿಂದ ಕೊಳವೆ ಎರಡು ಗೇಣು ಮೇಲೆದ್ದಿತ್ತು. ಅದರ ಬಾಯಿಯಲ್ಲಿ ಒಣಗಿದ ಗೋಣಿಯ ಚೂರು ಹಾಗೇ ಇತ್ತು.

“ಬೆಳೀತಿದೆ ಇದು,” ಎಂದ ಥೀಲೊ. “ಈಸ್ಟರಿಗೆ ನಾನು ನೋಡಿದಾಗ ಬೆರಳುದ್ದ ಇತ್ತು.”

ಗಣಿಯ ಎಂಜಿನಿಯರು ಬಂದು ನೋಡಿ ನಕ್ಕ. ಪೈಪು ಬೆಳೆಯುತ್ತಿಲ್ಲ, ಅದರ ಬುಡ ಆಳದ ಗಟ್ಟಿ ಬಂಡೆಯಲ್ಲಿ ಸಿಕ್ಕಿಕೊಂಡಿದೆ, ಅದು ನಿಂತಲ್ಲೇ ನಿಂತಿದೆ, ಮನೆ ಕೆಳಗೆ ಇಳಿಯುತ್ತಿದೆ, ಅಷ್ಟೇ ಎಂದು ವಿವರಿಸಿದ. ಆ ವಿವರಣೆಯಿಂದ ಯಾರಿಗೂ ಸಮಾಧಾನವಾಗಲಿಲ್ಲ. ಕೊಯ್ಯಿಸಿದರು. ಮುಂದಿನ ವರ್ಷ ಮತ್ತೆ ಎದ್ದಿತು. ಮತ್ತೆ ಕೊಯ್ಯಲು ಕಮ್ಮಾರ ಒಪ್ಪಲಿಲ್ಲ. ಗರಗಸ ಇಟ್ಟರೆ ಒಳಗಿನಿಂದ ಉಸಿರು ಬಂದ ಹಾಗಾಗುತ್ತದೆ ಎಂದು ಸಲಕರಣೆ ಕಟ್ಟಿಕೊಂಡು ಹೋದ. ೧೮೯೮ರ ಶರತ್ಕಾಲದಲ್ಲಿ ಕೊಳವೆ ನೆಲಮಾಳಿಗೆಯ ಚಾವಣಿ ಮುಟ್ಟಿ, ಯಂತ್ರದ ಕೋಣೆಯ ಹಲಗೆಯನ್ನು ಎತ್ತಿ, ಮೊಳೆಪೆಟ್ಟಿಗೆಗಳ ನಡುವೆ ಹೊರಬಂತು.

ಆ ಹೊತ್ತಿಗೆ ಹೆಡ್ವಿಗ್ ತೀರಿಕೊಂಡಿದ್ದಳು. ಗ್ರೇಬೆ ಎರಡನೆಯ ಸಲ ಚುನಾವಣೆಗೆ ನಿಂತಿದ್ದ. ಮೆರ್ಟೆನ್ಸ್ ಅವನ ಪರವಾಗಿ ಗಣಿಯ ಸಭಾಂಗಣದಲ್ಲಿ ದೊಡ್ಡ ಸಭೆ ಇಡಿಸಿದ್ದ. ಭಾಷಣ ಅಚ್ಚಾಗುತ್ತಿದ್ದ ದಿನ, ಮಧ್ಯಾಹ್ನ ಯಂತ್ರ ನಿಂತಿತು. ಥೀಲೊ ಮತ್ತು ಇನ್ನಿಬ್ಬರು ಕಪ್ಪು ರೊಟ್ಟಿಗೆ ಹಂದಿಕೊಬ್ಬು ಸವರುತ್ತಿದ್ದರು. ಕಿಟಕಿಯಲ್ಲಿ ಒಳ್ಳೆಯ ಬಿಸಿಲು. ಆಗ ಕೊಳವೆ ಬಡಿದುಕೊಂಡಿತು.

ಏಳು. ಮೌನ. ಏಳು.

ಥೀಲೊ ರೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟ. ಅವನ ಅಪ್ಪನೂ ಗಣಿಯವನೇ. ಅವನು ಗ್ರೇಬೆಯ ಮುಖ ನೋಡಿದ. ಗ್ರೇಬೆ ಭಾಷಣದ ಹಾಳೆ ಕೈಯಲ್ಲಿ ಹಿಡಿದು ನಿಂತಿದ್ದ.

“ನಿಮಗೆ ಗೊತ್ತಿತ್ತು,” ಎಂದ ಥೀಲೊ. ಏಪ್ರನ್ ಬಿಚ್ಚಿ ಗೋಡೆಯ ಮೊಳೆಗೆ ತಗುಲಿಸಿ ಹೊರಟುಹೋದ. ಉಳಿದಿಬ್ಬರೂ ಅವನ ಹಿಂದೆ ಹೋದರು. ರೊಟ್ಟಿ ಅಲ್ಲೇ ಇತ್ತು.

ಥೀಲೊ ನೇರವಾಗಿ ಹೋದದ್ದು ಡೋರ್ಟೆ ರಾಬೆಯ ಮನೆಗೆ. ಒಂದು ತಾಸಿನಲ್ಲಿ ಅವಳು ಬಂದಳು. ಕೈ ಹಿಟ್ಟಾಗಿತ್ತು, ತೊಳೆದುಕೊಂಡಿರಲಿಲ್ಲ. ಕೊಳವೆಯ ಪಕ್ಕದಲ್ಲಿ ಮಂಡಿಯೂರಿ ಕುಳಿತು ಕಿವಿಯಿಟ್ಟಳು. ಈಗ ಯಾವ ಸದ್ದೂ ಇರಲಿಲ್ಲ.

“ಹೇಳಿ,” ಎಂದಳು, ಕಿವಿ ತೆಗೆಯದೆ.

ಗ್ರೇಬೆ ಹೇಳಿದ. ಮಂಗಳವಾರದ ಏಳು, ಶನಿವಾರದ ಆರು, ಸೋಮವಾರದ ನಾಲ್ಕು, ಕೊನೆಯ ಒಂದು. ಗೋಣಿ, ಜೇಡಿಮಣ್ಣು, ಸಿಮೆಂಟು. ಮೆರ್ಟೆನ್ಸ್ ಏನೆಂದ, ತಾನು ಏನು ಬರೆದೆ, ‘ನೋವಿನ ಅರಿವಿಲ್ಲದೆ’ ಎಂದು ತಾನಾಗಿಯೇ ಸೇರಿಸಿದ್ದು. ಹೇಳುತ್ತ ಹೇಳುತ್ತ ಅವನ ದನಿ ಸಭೆಯಲ್ಲಿ ಮಾತಾಡುವವನ ದನಿಯಂತೆ ಗಟ್ಟಿಯಾಗುತ್ತಿತ್ತು, ಅದು ಅವನಿಗೇ ಹೇಸಿಗೆಯಾಗಿ ಸಣ್ಣಗೆ ಮಾಡಿಕೊಂಡ. ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ.

“ಕೊನೇಲಿ ಉಳಿದಿದ್ದು ಯಾರು ಅಂತ ಗೊತ್ತಾಗ್ತಿತ್ತಾ?” ಎಂದು ಕೇಳಿದಳು ಡೋರ್ಟೆ.

“ಇಲ್ಲ.”

“ಹೈನೊ ಗಟ್ಟಿಮುಟ್ಟಾಗಿದ್ದ. ಅವನೇ ಇರ್ಬೇಕು.” ಅವಳು ಎದ್ದು, ಮಂಡಿಯ ಧೂಳು ಕೊಡವಿಕೊಂಡಳು. “ಬರೀರಿ ಇದನ್ನ. ಅವತ್ತು ಬರೆದ ಜಾಗದಲ್ಲೇ ಬರೀರಿ.”

ಆಳುಗಳಿಲ್ಲದೆ ಗ್ರೇಬೆ ಒಬ್ಬನೇ ಎರಡು ದಿನ ಮೊಳೆ ಜೋಡಿಸಿದ. ಮೂರನೆಯ ದಿನ ಥೀಲೊ ತಾನಾಗಿಯೇ ಬಂದು ಯಂತ್ರದ ಗಾಲಿ ಹಿಡಿದ. ಮತದಾನಕ್ಕೆ ನಾಲ್ಕು ದಿನ ಇರುವಾಗ ‘ದೂತ’ದ ಮೊದಲ ಪುಟದಲ್ಲಿ, ಗ್ರೇಬೆಯ ಸಹಿಯೊಂದಿಗೆ, ಎಲ್ಲ ಬಂತು.

ಊರು ಅವನ ಮೇಲೆ ತಿರುಗಿಬಿತ್ತು. ಹನ್ನೆರಡು ವರ್ಷ ಬಾಯಿಮುಚ್ಚಿದ್ದಕ್ಕೆ ಅರ್ಧ ಊರು ಉಗಿಯಿತು, ಈಗ ಬಾಯಿ ಬಿಟ್ಟಿದ್ದಕ್ಕೆ ಉಳಿದ ಅರ್ಧ. “ಗಣಿ ಮುಚ್ಚಿದ್ರೆ ನಿನ್ನ ಪೇಪರು ಬೇಯಿಸ್ಕೊಂಡು ತಿನ್ನೋದಾ?” ಎಂದು ಕಿಟಕಿಗೆ ಕಲ್ಲು ಬಿತ್ತು. ಮೆರ್ಟೆನ್ಸ್ ಅದೆಲ್ಲ ತಲೆಕೆಟ್ಟವನ ಕಟ್ಟುಕಥೆ ಎಂದ. ಚುನಾವಣೆಯಲ್ಲಿ ಗ್ರೇಬೆ ಹೀನಾಯವಾಗಿ ಸೋತ. ಆದರೆ ಮಾತು ಅಚ್ಚಾಗಿಬಿಟ್ಟಿತ್ತು. ಹಾಲೆ ಪಟ್ಟಣದಿಂದ ಸರ್ಕಾರಿ ಗಣಿ ಪರೀಕ್ಷಕ ಬಂದ. ಪೂರ್ವದ ಸುರಂಗದಲ್ಲಿ ನೀರು ಏರದೆ ಉಳಿದ ಮೇಲ್ಮಟ್ಟದ ಹಳೆಯ ಪೊಳ್ಳೊಂದಕ್ಕೆ ಪಕ್ಕದಿಂದ ದಾರಿ ಕೊರೆಸಿದ. ಆರು ವಾರ ಹಿಡಿಯಿತು.

ಏಳೂ ಜನ ಅಲ್ಲಿದ್ದರು. ಉಪ್ಪು ಅವರನ್ನು ಒಣಗಿಸಿ ಹಾಗೇ ಇಟ್ಟಿತ್ತು. ಆರು ಜನರನ್ನು ಸಾಲಾಗಿ ಮಲಗಿಸಿ ಮುಖದ ಮೇಲೆ ಟೋಪಿ ಇಡಲಾಗಿತ್ತು. ಏಳನೆಯವನು ಕೊಳವೆಗೆ ಒರಗಿ ಕುಳಿತಿದ್ದ, ಟೋಪಿ ಅವನ ತಲೆಯ ಮೇಲೇ ಇತ್ತು. ಅದು ಹೈನೊ ರಾಬೆ ಅಲ್ಲ. ಹತ್ತೊಂಬತ್ತು ವರ್ಷದ ಗಾಡಿ ತಳ್ಳುವವನು.

ಬಿಳಿ ಗೋಡೆಯ ಮೇಲೆ ಮೊಳೆಯಿಂದ ಕೆತ್ತಿದ ಗೆರೆಗಳಿದ್ದವು, ದಿನಕ್ಕೊಂದು. ಎಣಿಸಿದರೆ ಹನ್ನೊಂದು. ಕತ್ತಲಲ್ಲಿ ದಿನ ಹೇಗೆ ತಿಳಿಯಿತೆಂದು ಪರೀಕ್ಷಕನಿಗೆ ಆಶ್ಚರ್ಯ. ಗಣಿಯ ಹಳಬನೊಬ್ಬ ಹೇಳಿದ: “ಮೇಲೆ ಅಚ್ಚಿನ ಯಂತ್ರ ಓಡೋದು, ನಿಲ್ಲೋದು ಪೈಪಿನಲ್ಲಿ ಕೇಳ್ಸುತ್ತಲ್ಲ ಸ್ವಾಮಿ.” ಗಾಳಿಯೂ ಅದರಲ್ಲೇ ಇಳಿದಿರಬೇಕು ಎಂದು ಪರೀಕ್ಷಕ ಬರೆದುಕೊಂಡ. ಒಂಬತ್ತನೆಯ ಗೆರೆಯ ಆಚೆಗಿನ ಎರಡು ಗೆರೆ ತುಂಬ ಸಣ್ಣವು, ಓರೆ.

ಮೂರನೆಯ ಗೆರೆಯ ಪಕ್ಕದಲ್ಲಿ ಅಕ್ಷರಗಳಿದ್ದವು. ಪರೀಕ್ಷಕ ವರದಿಯಲ್ಲಿ ಅದನ್ನು ಹಾಗೇ ಬರೆದ: ‘ಇವತ್ತು ಮೇಲಿನಿಂದ ಉತ್ತರ ಬಂತು. ಏಳು ಏಟು. ನಾವಿರೋದು ಅವರಿಗೆ ಗೊತ್ತಾಗಿದೆ. ಬರ್ತಾರೆ.’

ವರದಿಯ ಪ್ರತಿ ‘ದೂತ’ಕ್ಕೂ ಬಂತು. ಗ್ರೇಬೆ ಅದನ್ನು ಓದಿ ಮುಗಿಸುವಷ್ಟರಲ್ಲಿ ಡೋರ್ಟೆ ಬಾಗಿಲಲ್ಲಿದ್ದಳು. ಗಂಡನನ್ನು ಮಣ್ಣು ಮಾಡಿ ನೇರವಾಗಿ ಬಂದಿದ್ದಳು, ಕಪ್ಪು ಬಟ್ಟೆಯಲ್ಲೇ. ಗೋಡೆಯ ಮೇಲಿನ ಮಾತು ಅವಳ ಕಿವಿಗೂ ಬಿದ್ದಿತ್ತು.

“ಉತ್ತರ ಕೊಟ್ಟಿದ್ದು ನೀವಾ?”

“ಹೌದು.”

“ಇದನ್ನ ನನಗೆ ಹೇಳ್ಲಿಲ್ಲ ನೀವು.”

“ಇಲ್ಲ. ಹೇಳೋಕೆ ಆಗ್ಲಿಲ್ಲ.”

“ಯಾಕೆ ಬಡಿದ್ರಿ?”

ಗ್ರೇಬೆ ವರದಿಯನ್ನು ಮೇಜಿನ ಮೇಲಿಟ್ಟ. “ಬರೀ ನೀರಿನ ಸದ್ದು ಅಂತ ಖಚಿತ ಮಾಡ್ಕೋಬೇಕಿತ್ತು. ಸುತ್ತಿಗೆ ತಗೊಂಡು ಏಳು ಸಲ ಬಡಿದೆ. ತಕ್ಷಣ ಕೆಳಗಡೆ... ಲೆಕ್ಕವೇ ಇಲ್ಲ, ಎಲ್ಲರೂ ಒಟ್ಟಿಗೆ ಬಡಿದ್ರು, ನಿಲ್ಲಿಸ್ಲೇ ಇಲ್ಲ. ಖುಷಿಗೆ. ಅದು ಖುಷಿ ಅಂತ ನನಗೆ ಗೊತ್ತಾಯ್ತು. ನಾನು ಸುತ್ತಿಗೆ ಬಿಸಾಕಿ ಮೇಲೆ ಓಡಿ ಬಂದೆ.”

ಡೋರ್ಟೆ ಕುಳಿತುಕೊಂಡಳು. ಅವನು ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ, ಕಾಗದದ ಕಟ್ಟಿನ ಮೇಲೇ ಕುಳಿತಳು.

“ಹಾಗಾದ್ರೆ ಆಸೆ ಇಟ್ಕೊಂಡೇ ಸತ್ರು,” ಎಂದಳು. “ಅದು ಒಳ್ಳೇದೋ ಕೆಟ್ಟದ್ದೋ, ನನಗೆ ತಿಳೀತಾ ಇಲ್ಲ ಹೆರ್ ಗ್ರೇಬೆ. ಯೋಚನೆ ಮಾಡ್ತೀನಿ.”

ಮಾರನೆಯ ದಿನದ ಪತ್ರಿಕೆಯಲ್ಲಿ ಗ್ರೇಬೆ ಅದನ್ನೂ ಬರೆದ. ಅದೇ ‘ದೂತ’ದ ಕೊನೆಯ ಸಂಚಿಕೆ. ನ್ಯಾಯಾಲಯಕ್ಕೆ ತಾನೇ ಹೋಗಿ ತನ್ನ ಮೇಲೆ ಮೊಕದ್ದಮೆ ಹೂಡಿ ಎಂದು ಕೇಳಿದ. ನ್ಯಾಯಾಧೀಶ ಕನ್ನಡಕ ತೆಗೆದು, ಬಹಳ ಮರ್ಯಾದೆಯಿಂದ, ನೀವು ಮಾಡಿದ್ದಕ್ಕೆ ಕಾನೂನಿನಲ್ಲಿ ಹೆಸರಿಲ್ಲ ಎಂದು ಹೇಳಿ ಕಳಿಸಿದ. ಮೆರ್ಟೆನ್ಸ್‌ನನ್ನು ಗಣಿಯ ಮಾಲೀಕರು ರೈನ್ ನದಿಯ ಕಡೆಯ ಇನ್ನೊಂದು ಗಣಿಗೆ ವರ್ಗ ಮಾಡಿದರು, ಅಷ್ಟೇ. ಮುದ್ರಣಾಲಯ ೧೯೦೧ರ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಮೊಣಕಾಲೂರಿದ ಹಸುವಿನಂತೆ ಕುಸಿದು ನೆಲದೊಳಕ್ಕೆ ಹೋಯಿತು. ಒಳಗೆ ಯಾರೂ ಇರಲಿಲ್ಲ. ಆ ಗುಂಡಿಯಲ್ಲಿ ಈಗ ನೀರು ನಿಂತಿದೆ. ಕಬ್ಬಿಣದ ಕೊಳವೆಯೊಂದು ಮಾತ್ರ ನೀರಿನ ನಡುವೆ ನೆಟ್ಟಗೆ ನಿಂತಿದೆ, ಮನೆಯಿದ್ದ ಎತ್ತರಕ್ಕೆ. ಊರ ಬಾತುಗಳು ಆ ಕೆರೆಗೆ ಇಳಿಯುವುದಿಲ್ಲ.

ಗ್ರೇಬೆ ಊರು ಬಿಡಲಿಲ್ಲ. ಬೆಟ್ಟದ ಮೇಲೆ ಬಾಡಿಗೆ ಕೋಣೆಯಲ್ಲಿದ್ದ. ರಸ್ತೆಯಲ್ಲಿ ಅವನಿಗೆ ನಮಸ್ಕಾರ ಹೇಳುವವರು ಕಡಿಮೆ. ಒಂದು ದಿನ ಡೋರ್ಟೆ ಬಂದು, ಬಾಗಿಲಲ್ಲೇ ನಿಂತು, “ಬರೆಯೋಕೆ ಬರುತ್ತಲ್ಲ ನಿಮಗೆ. ನಮ್ಮ ಅರ್ಜಿಗಳನ್ನ ಬರೆದುಕೊಡಿ,” ಎಂದಳು. ಅಂದಿನಿಂದ ಪ್ರತಿ ಮಂಗಳವಾರ ಅವಳ ಅಡುಗೆಮನೆಯ ಮೇಜಿನಲ್ಲಿ ಅವನು ಕುಳಿತು ಬರೆಯುತ್ತಿದ್ದ. ಸುತ್ತಲ ಗಣಿಗಳ ವಿಧವೆಯರೆಲ್ಲ ಬರುತ್ತಿದ್ದರು. ಒಳಗಿರುವವರನ್ನು ಎಣಿಸದೆ ಗಣಿಯ ಯಾವ ಬಾಗಿಲನ್ನೂ ಮುಚ್ಚಕೂಡದು ಎಂಬ ನಿಯಮಕ್ಕಾಗಿ ಬರ್ಲಿನ್ನಿಗೆ ಅವರು ಕಳಿಸಿದ ಅರ್ಜಿಗಳು ಇಪ್ಪತ್ತಮೂರು. ಡೋರ್ಟೆ ಅವನಿಗೆ ಕಾಫಿ ಕೊಡುತ್ತಿರಲಿಲ್ಲ, ಅವನು ಕೇಳುತ್ತಲೂ ಇರಲಿಲ್ಲ. ತನ್ನ ಯೋಚನೆ ಎಲ್ಲಿಗೆ ಮುಟ್ಟಿತೆಂದು ಅವಳೂ ಹೇಳಲಿಲ್ಲ.

೧೯೧೧ರ ಮಾರ್ಚ್ ತಿಂಗಳಲ್ಲಿ ಶ್ವಾಸಕೋಶದ ಉರಿಯೂತದಿಂದ ಗ್ರೇಬೆ ಸತ್ತ. ಮೇಜಿನ ಮೇಲೆ ಇಪ್ಪತ್ತನಾಲ್ಕನೆಯ ಅರ್ಜಿ ಅರ್ಧ ಬರೆದಿತ್ತು. ಡೋರ್ಟೆ ಅದನ್ನು ಮನೆಗೆ ತಂದು, ಕನ್ನಡಕ ಹಾಕಿಕೊಂಡು, ಉಳಿದ ಎರಡು ಪ್ಯಾರಾವನ್ನು ತನ್ನ ದಪ್ಪ ಅಕ್ಷರದಲ್ಲಿ ತಾನೇ ಬರೆದು, ಗುರುವಾರದ ಅಂಚೆಗೆ ಹಾಕಿದಳು.